ಮಷೀನ್ ಸ್ಪಿನ್ ಆಗದಿದ್ದರೆ ಬೋರ್ಡ್ ಬಿಚ್ಚಿ ಕೊಡಬೇಡಿ

ಕುಮಟಾ, ಅಂಕೋಲಾ, ಕಾರವಾರದ ಕಡೆಯವರು ದಯವಿಟ್ಟು ಇದನ್ನು ಓದಿ. ವಾಷಿಂಗ್ ಮಷೀನ್ ಬಟ್ಟೆ ಒಗೆಯುತ್ತದೆ, ಸ್ಪಿನ್ ಮಾತ್ರ ಆಗುವುದಿಲ್ಲ. ರಿಪೇರಿಗೆ ಬಂದವನು ಮಷೀನನ್ನು ಸರಿಯಾಗಿ ನೋಡುವ ಮೊದಲೇ "ಬೋರ್ಡ್ ಹೋಗಿದೆ" ಎನ್ನುತ್ತಾನೆ. ಬೋರ್ಡ್ ಅಂದರೆ ಮಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್. ಅಲ್ಲೇ ಅವನನ್ನು ನಿಲ್ಲಿಸಿ. ಆ ಒಂದು ಮಾತಿಗೆ ನಮ್ಮ ಮನೆಯ 4,500 ರೂಪಾಯಿ ಹೋಯಿತು.

ಕುಮಟಾದ ಮನೆಯಲ್ಲಿರುವುದು ಮೇಲಿನಿಂದ ಬಟ್ಟೆ ಹಾಕುವ ಫುಲ್ ಆಟೋಮ್ಯಾಟಿಕ್ ಮಷೀನ್. ಜೋರು ಮಳೆಗಾಲದಲ್ಲೇ ಅದು ಕೈಕೊಟ್ಟಿತು. ನಮ್ಮ ಕಡೆ ಜುಲೈನಲ್ಲಿ ಸ್ಪಿನ್ ಆಗದ ಬಟ್ಟೆ ಬಚ್ಚಲ ಒಲೆಯ ಮೇಲೆ ಹಾಕಿದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಆಯಿಗೆ ಕೈನೋವು, ಹಿಂಡಲು ಆಗುವುದಿಲ್ಲ. ಅಪ್ಪ ಮೊಬೈಲಿನಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಿ, ಮೊದಲು ಕಂಡ ನಂಬರಿಗೆ ಫೋನ್ ಮಾಡಿದರು. ಆ ಕಡೆಯವರು ಕಂಪನಿಯವರ ಹಾಗೆಯೇ ಮಾತಾಡಿದರು.

ಬಂದವನು ಬೋರ್ಡ್ ಬಿಚ್ಚಿದ. "ಅಂಕಲ್, ಇದು ಸುಟ್ಟಿದೆ, ಹುಬ್ಬಳ್ಳಿಗೆ ಕಳಿಸಬೇಕು" ಎಂದ. ಹಣ ಮೊದಲೇ ಫೋನಿನಲ್ಲಿ ಹಾಕಿಸಿಕೊಂಡ. ಬಿಲ್ ಕೊಡಲಿಲ್ಲ. ಸುಮಾರು ದಿನ ಬಿಟ್ಟು ಬೋರ್ಡ್ ತಂದು ಕೂರಿಸಿದ. ಆಗಲೂ ಸ್ಪಿನ್ ಆಗಲಿಲ್ಲ. "ಮೋಟರ್ ಕೂಡ ಹೋಗಿದೆ, ಇನ್ನೂ 5,000 ಆಗುತ್ತದೆ" ಎಂದ.

ಆಗ ಆಯಿ ಕೇಳಿದ್ದು ಸರಿಯಾದ ಪ್ರಶ್ನೆ: "ಮೋಟರ್ ಹೋಗಿದ್ರೆ ಇಷ್ಟು ದಿನ ಬಟ್ಟೆ ತೊಳೆದದ್ದು ಎಂತದು?" ಅವನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವನ ಫೋನೂ ಸ್ವಿಚ್ ಆಫ್.

ಈ ತರಹದ ಮಷೀನಿನಲ್ಲಿ ಒಗೆಯುವುದಕ್ಕೂ ಸ್ಪಿನ್ ಮಾಡುವುದಕ್ಕೂ ಒಂದೇ ಮೋಟರ್. ಒಗೆತ ಸರಿಯಾಗಿ ನಡೆಯುತ್ತಿದ್ದರೆ ಮೋಟರ್ ಮೇಲೆ ಅನುಮಾನ ಪಡುವುದು ಕೊನೆಗೆ. ನೀರು ಪೂರ್ತಿ ಖಾಲಿಯಾಗದೆ ಮಷೀನ್ ಸ್ಪಿನ್ ಶುರು ಮಾಡುವುದಿಲ್ಲ. ಹಾಗಾಗಿ ಮೊದಲು ನೋಡಬೇಕಾದದ್ದು ಡ್ರಮ್ಮಿನ ತಳದಲ್ಲಿ ನೀರು ನಿಂತಿದೆಯಾ ಎಂದು. ನಮ್ಮದರಲ್ಲಿ ನಿಂತಿತ್ತು. ಅವನು ಅದನ್ನು ನೋಡಲೇ ಇಲ್ಲ! ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೊನೆಗೆ ಪೇಟೆಯಲ್ಲಿ ಪಂಪು, ಮಿಕ್ಸಿ ರಿಪೇರಿ ಮಾಡುವವರೊಬ್ಬರು ಬಂದರು. ಮಷೀನ್ ವಾಲಿಸಿ, ನೀರು ಹೊರಗೆ ಬಿಡುವ ಕೆಳಗಿನ ಡ್ರೈನ್ ವಾಲ್ವ್ ಬಿಚ್ಚಿದರು. ಒಳಗೆ ಒಂದು ಹೇರ್‌ಪಿನ್, ಅದಕ್ಕೆ ಸುತ್ತಿಕೊಂಡ ನೂಲಿನ ಮುದ್ದೆ. ತೆಗೆದು ತೊಳೆದರು, ಸ್ಪಿನ್ ಶುರುವಾಯಿತು. 400 ರೂಪಾಯಿ ತಗೊಂಡರು.

ಯಾರನ್ನೂ ಕರೆಯುವ ಮೊದಲು ನೀವೇ ನೋಡಬಹುದಾದದ್ದು ಬಹಳ ಇದೆ. ಪ್ಲಗ್ ತೆಗೆದೇ ಕೈ ಹಾಕಿ. ಪೈಪ್ ಮಡಚಿಕೊಂಡಿದೆಯಾ ನೋಡಿ. ಪಂಪ್ ಇಲ್ಲದ ಟಾಪ್ ಲೋಡ್ ಮಷೀನಿನಲ್ಲಿ ನೀರು ತಾನಾಗಿ ಇಳಿದು ಹೋಗಬೇಕು. ಪೈಪನ್ನು ಬಚ್ಚಲ ಹೊಸ್ತಿಲ ಮೇಲೆ ಎತ್ತಿ ಹಾಕಿದ್ದರೆ, ಇಲ್ಲ ಅದರ ತುದಿ ನಿಂತ ನೀರಿನಲ್ಲಿ ಮುಳುಗಿದ್ದರೆ, ನೀರು ಸರಿಯಾಗಿ ಇಳಿಯುವುದಿಲ್ಲ. ಮುಂದಿನಿಂದ ಬಟ್ಟೆ ಹಾಕುವ ಮಷೀನಾದರೆ ಕೆಳಗೆ ಚಿಕ್ಕ ಬಾಗಿಲಿನ ಒಳಗೆ ಫಿಲ್ಟರ್ ಇರುತ್ತದೆ, ಅದನ್ನು ತೆಗೆದು ತೊಳೆಯಿರಿ. ಮುಚ್ಚಳ ಸರಿಯಾಗಿ ಮುಚ್ಚದಿದ್ದರೂ ಸ್ಪಿನ್ ಇಲ್ಲ. ದಪ್ಪ ಹೊದಿಕೆ ಒಂದನ್ನೇ ಹಾಕಿದರೆ ಭಾರ ಒಂದು ಕಡೆ ಬಿದ್ದು ಮಷೀನ್ ನಿಂತುಬಿಡುತ್ತದೆ.

ಸೆಮಿ ಆಟೋಮ್ಯಾಟಿಕ್ ಇರುವವರಿಗೆ ಲೆಕ್ಕ ಬೇರೆ. ಅದರಲ್ಲಿ ಸ್ಪಿನ್ನಿಗೆ ಬೇರೆಯೇ ಮೋಟರ್. ಗುಂಯ್ ಎಂದು ಸದ್ದು ಬಂದು ತಿರುಗದಿದ್ದರೆ ಮೋಟರ್ ತಿರುಗಲು ಸಹಾಯ ಮಾಡುವ ಕೆಪಾಸಿಟರ್ ಹೋಗಿರಬಹುದು, ಇಲ್ಲ ಸಣ್ಣ ಬಟ್ಟೆ ಕೆಳಗೆ ಸಿಕ್ಕಿರಬಹುದು. ಕೆಪಾಸಿಟರ್ ಮಾತ್ರ ಮುಟ್ಟಬೇಡಿ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ.

ಬೋರ್ಡ್ ಹೋಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸಮುದ್ರದ ಉಪ್ಪುಗಾಳಿಗೆ ಕನೆಕ್ಟರ್‌ಗಳು ಹಸಿರುಗಟ್ಟುತ್ತವೆ, ಹಲ್ಲಿ ಒಳಗೆ ಹೋಗಿ ಶಾರ್ಟ್ ಆಗುವುದೂ ಉಂಟು. ಆದರೆ ರಿಪೇರಿಯವನು ಡ್ರೈನ್ ವಾಲ್ವ್ ತೆರೆಯುವ ಚಿಕ್ಕ ಮೋಟರಿಗೆ ಕರೆಂಟ್ ಬರುತ್ತಿದೆಯಾ ಎಂದು ಮೀಟರ್ ಹಿಡಿದು ತಾನೇ ನೋಡಿ, ನಿಮಗೂ ತೋರಿಸಿ, ಆಮೇಲೆ ಹೇಳಲಿ. ಬೋರ್ಡ್ ಹೊರಗೆ ಹೋಗಲೇಬೇಕು ಎಂದಾದರೆ ಅದರ ನಂಬರ್ ಕಾಣುವ ಹಾಗೆ ಫೋಟೋ ತೆಗೆದುಕೊಳ್ಳಿ, ಚೀಟಿ ಬರೆಸಿಕೊಳ್ಳಿ. ಕಂಪನಿಯ ನಂಬರನ್ನು ವಾರಂಟಿ ಕಾರ್ಡಿನಲ್ಲೋ ಮಷೀನಿನ ಸ್ಟಿಕರ್ ಮೇಲೋ ನೋಡಿ. ಮೋಟರಿಗೆ 10 ವರ್ಷದ ವಾರಂಟಿ ಕೊಡುವ ಕಂಪನಿಗಳೂ ಇವೆ. ಕಾರ್ಡ್ ನೋಡದೆ ಮೋಟರಿಗೆ ದುಡ್ಡು ಕೊಡಬೇಡಿ.

ಈಗಾಗಲೇ ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬಿಲ್ ಇರುವ ಅಂಗಡಿ, ಸರ್ವಿಸ್‌ನವರ ಮೇಲಿನ ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಆಗದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ನಾವು ಹಣ ಕಳಿಸಿದ ದಾಖಲೆ ಇಟ್ಟುಕೊಂಡು 1930ಕ್ಕೆ ದೂರು ಕೊಟ್ಟಿದ್ದೇವೆ. ಇದೇ ರೀತಿ ಬೋರ್ಡ್ ಒಯ್ದು ಹಣ ತಗೊಂಡವರು ನಿಮ್ಮ ಊರಿಗೂ ಬಂದಿದ್ದರೆ ನೀವೂ ದೂರು ಕೊಡಿ.