ಗಾಳದ ಸೀಸ ಮನೆಯಲ್ಲಿ ಕರಗಿಸಬೇಡಿ ಮಾರಾಯ್ರೆ

ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಮನೆಯಲ್ಲೇ ಎರಕ ಹೊಯ್ಯುವವರು ನಮ್ಮ ಉಡುಪಿ ಕಡೆ ಇದ್ದೀರಿ, ನನಗೆ ಗೊತ್ತು. ನಾನೂ ಒಬ್ಬನಾಗಿದ್ದೆ. ಕೋಡಿಬೆಂಗ್ರೆಯಲ್ಲಿ ಒಂದು ಸಂಜೆ ಕೂತರೆ ಮೂರು ನಾಲ್ಕು ಗುಂಡು ಕಲ್ಲಿಗೆ ಸಿಕ್ಕಿ ಹೋಗುತ್ತವೆ. ಎಷ್ಟು ಅಂತ ಕೊಳ್ಳುವುದು? ಟಯರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಂಗಿಗೆ ಹಾಕಿದ್ದ ಹಳೆ ಸೀಸದ ತುಂಡುಗಳು ಸಿಕ್ಕಿದವು. ಬಚ್ಚಲ ಹಂಡೆ ಒಲೆ ಮನೆಯಲ್ಲಿ ಇದ್ದೇ ಇತ್ತು.

ಸೀಸ 327 ಡಿಗ್ರಿಗೇ ಕರಗುತ್ತದೆ. ಗೆರಟೆ ಬೆಂಕಿಗೆ ಅದೇನು ದೊಡ್ಡದಲ್ಲ. ಹಳೆ ಬಾಣಲೆಯಲ್ಲಿ ಕರಗಿಸಿ, ಮೇಲೆ ಕಟ್ಟುವ ಬೂದು ಕೆನೆಯನ್ನು ಸೌಟಿನಲ್ಲಿ ತೆಗೆದು ಒಲೆಗೇ ಕೊಡವುತ್ತಿದ್ದೆ. ಡಬ್ಬದಲ್ಲಿ ಹೊಯಿಗೆ ತುಂಬಿ, ಬೆರಳಿನಲ್ಲಿ ಗುಳಿ ಮಾಡಿ, ಅದಕ್ಕೆ ಹೊಯ್ಯುವುದು. ನಾಲ್ಕೈದು ಸಲ ಏನೂ ಆಗಲಿಲ್ಲ.

ಜೂನ್‌ನಲ್ಲಿ ಆಯಿತು. ಹೊಯಿಗೆ ಮೇಲೆ ಒಣಗಿದ ಹಾಗೆ ಕಂಡಿತು, ಒಳಗೆ ತೇವ. ಕಾದ ಸೀಸ ಬಿದ್ದದ್ದೇ ತಡ, ನೀರು ಆವಿಯಾಗಿ ಅಷ್ಟನ್ನೂ ಮೇಲಕ್ಕೆ ಎರಚಿತು. ಮೊಣಕೈ ತನಕ ಚುಕ್ಕೆ ಚುಕ್ಕೆ ಸುಟ್ಟಿತು. ಒಂದು ಹನಿ ಕನ್ನಡಕದ ಗಾಜಿಗೆ ಬಿಂದಿಯ ಹಾಗೆ ಅಂಟಿಕೊಂಡಿತ್ತು. ಅದು ಪೇಪರ್ ಓದುವ ಕನ್ನಡಕ, ತೆಗೆದಿಡಲು ಮರೆತಿದ್ದೆ ಅಷ್ಟೇ.

ಸುಟ್ಟ ಗಾಯ ಎರಡು ವಾರದಲ್ಲಿ ಮಾಯಿತು. ಆದರೆ ಮುಲಾಮು ಹಚ್ಚುವಾಗ ಡಾಕ್ಟರ್ ಕೇಳಿದ್ದು ಬೇರೆಯೇ: "ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ?" ಇದ್ದಾನೆ, ಮೂರು ವರ್ಷದವನು. "ಅವನ ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸಿ."

ಅವನಿಗೆ ಡೆಸಿಲೀಟರಿಗೆ 11 ಮೈಕ್ರೋಗ್ರಾಂ ಬಂತು. 5 ದಾಟಿದರೆ ಸೀಸ ಎಲ್ಲಿಂದ ಬರುತ್ತಿದೆ ಹುಡುಕಿ ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟಿದ್ದರೆ ತೊಂದರೆಯೇ ಇಲ್ಲ ಎನ್ನುವ ಅಳತೆ ಸೀಸಕ್ಕೆ ಇಲ್ಲ. ಹುಡುಗ ಜ್ವರ ಇಲ್ಲದೆ, ವಾಂತಿ ಇಲ್ಲದೆ ಅಂಗಳದಲ್ಲಿ ಓಡಾಡಿಕೊಂಡೇ ಇದ್ದ. ಹೊಟ್ಟೆಗೆ ಹೋದ ಸೀಸವನ್ನು ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಎಳೆದುಕೊಳ್ಳುತ್ತದೆ, ಹೋಗಿ ತಟ್ಟುವುದು ಮಿದುಳಿಗೆ.

ಅವನು ಒಲೆ ಹತ್ತಿರ ಬಂದವನೇ ಅಲ್ಲ. ಮತ್ತೆ ಹೇಗೆ? ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಅಮ್ಮ ಹಿತ್ತಿಲಲ್ಲಿ ಕೂತು ಮೀನು ಮಾಡುತ್ತಿದ್ದರು. ಜಾರದೇ ಇರಲಿ ಅಂತ ಒಂದೊಂದಕ್ಕೂ ಬೂದಿ ತಿಕ್ಕುತ್ತಿದ್ದರು. ಹಂಡೆ ಒಲೆಯ ಬೂದಿ. ನಾನು ಆ ಸೀಸದ ಕೆನೆ ಕೊಡವಿದ್ದ ಒಲೆ. ಎಷ್ಟು ತೊಳೆದರೂ ಒಂದಿಷ್ಟು ಉಳಿಯುತ್ತದೆ, ಅಲ್ವಾ? ಪಾತ್ರೆ ತಿಕ್ಕುವುದೂ ಅದರಲ್ಲೇ. ಇದರ ಮೇಲೆ ನನ್ನ ಅಂಗಿಯ ಧೂಳು ಬೇರೆ.

ಸೀಸದ ಗುಂಡಿನ ತಕರಾರು ಹೊಸದಲ್ಲ. ಅಜ್ಜನ ಕಾಲದ ಕಾಡುಕೋಳಿ ಸಾರಿನಲ್ಲಿ ಚರೆ, ಅಂದರೆ ಕೋವಿಗೆ ಹಾಕುವ ಸಣ್ಣ ಸೀಸದ ಗುಂಡು, ಹಲ್ಲಿಗೆ ಸಿಗುತ್ತಿತ್ತಂತೆ, ತೆಗೆದು ಬಟ್ಟಲಂಚಿಗೆ ಇಟ್ಟು ಉಣ್ಣುತ್ತಿದ್ದರಂತೆ. ನೀರುಹಕ್ಕಿಗಳು ಕೆಸರಿಗೆ ಬಿದ್ದ ಚರೆಯನ್ನು ಕಲ್ಲು ಅಂದುಕೊಂಡು ನುಂಗಿ ಸಾಯುತ್ತವೆ ಅಂತ ಅಮೆರಿಕ 1991ರಿಂದ ಬಾತುಕೋಳಿ ಬೇಟೆಗೆ ಸೀಸ ನಿಲ್ಲಿಸಿತು. ಅಲ್ಲಿ ಈಗ ಸ್ಟೀಲ್ ಚರೆ. ಗಾಳದ ಸಣ್ಣ ಸೀಸವನ್ನು ಬ್ರಿಟನ್ 1987ರಲ್ಲೇ ನಿಷೇಧಿಸಿತು, ಹಂಸಗಳು ಸಾಯುತ್ತಿದ್ದವು ಅಂತ. ನಮ್ಮಲ್ಲಿ ಬೇಟೆಗೇ ಅವಕಾಶ ಇಲ್ಲ, ಹಾಗಾಗಿ ಆ ಮಾತು ಬೇಡ. ಗಾಳ ಮಾತ್ರ ನಮ್ಮ ಕೈಯಲ್ಲೇ ಇದೆ.

ಈಗ ನಾನು ಗ್ಯಾರೇಜಿನ ಹಳೆ ಸ್ಪಾರ್ಕ್ ಪ್ಲಗ್ ಮತ್ತು ಕಬ್ಬಿಣದ ನಟ್ಟು ಕಟ್ಟುತ್ತೇನೆ. ಸುಳ್ಳು ಹೇಳುವುದಿಲ್ಲ, ಸೀಸದಷ್ಟು ಚೆನ್ನಾಗಿ ಕೂರುವುದಿಲ್ಲ. ಸೀಸ ನೀರಿಗಿಂತ 11 ಪಟ್ಟು ಭಾರ, ಕಬ್ಬಿಣ 8 ಪಟ್ಟೂ ಇಲ್ಲ. ಅದೇ ತೂಕಕ್ಕೆ ಗಾತ್ರ ದೊಡ್ಡದು, ಇಳಿತದ ಹೊತ್ತಿಗೆ ಸೆಳೆತ ಎಳೆದುಕೊಂಡು ಹೋಗುತ್ತದೆ. ಟಂಗ್‌ಸ್ಟನ್ ಸೀಸಕ್ಕಿಂತಲೂ ಭಾರ, ಆದರೆ ಕಲ್ಲಿಗೆ ಸಿಕ್ಕಿ ಕಳೆದುಕೊಳ್ಳುವ ವಸ್ತುವಿಗೆ ಅಷ್ಟು ದುಡ್ಡು ಯಾರು ಕೊಡುತ್ತಾರೆ! ಆನ್‌ಲೈನಲ್ಲಿ "ಸೀಸ ಇಲ್ಲದ್ದು, ಸ್ಟೀಲ್" ಅಂತ ಒಮ್ಮೆ ತರಿಸಿದೆ. ಅಯಸ್ಕಾಂತ ಹಿಡಿದರೆ ಅಂಟಲಿಲ್ಲ, ಉಗುರಿನಲ್ಲಿ ಕೆರೆದರೆ ಗೀರು ಬಿತ್ತು, ಕಾಗದದ ಮೇಲೆ ಎಳೆದರೆ ಪೆನ್ಸಿಲ್ ಹಾಗೆ ಬರೆಯಿತು. ಅಪ್ಪಟ ಸೀಸ. ವಾಪಸ್ ಕಳಿಸಿದೆ.

ಸೀಸ ಕರಗಿಸಿದ ಬಾಣಲೆ, ಸೌಟು ಅಡುಗೆಮನೆಗೆ ವಾಪಸ್ ಬರಬಾರದು. ಜಾಗವನ್ನು ಗುಡಿಸಬೇಡಿ, ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸಣ್ಣ ಸೀಸವನ್ನು ಹಲ್ಲಿನಲ್ಲಿ ಕಚ್ಚಿ ದಾರಕ್ಕೆ ಒತ್ತುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮನೆಯಲ್ಲಿ ಮಕ್ಕಳಿದ್ದರೆ ಒಮ್ಮೆ ರಕ್ತ ನೋಡಿಸಿ.

ಮೂರು ತಿಂಗಳ ಮೇಲೆ ಮಗನದ್ದು 6ಕ್ಕೆ ಇಳಿದಿದೆ. ಡಿಸೆಂಬರಿನಲ್ಲಿ ಮತ್ತೆ ಹೋಗಬೇಕು. ಅಮ್ಮ ಈಗ ಮೀನಿಗೆ ಕಲ್ಲುಪ್ಪು ಹಾಕಿ ತಿಕ್ಕುತ್ತಾರೆ, ನನ್ನ ಮುಖ ನೋಡುವುದಿಲ್ಲ.