ನೂರೈವತ್ತು ರೂಪಾಯಿ, ಎರಡು ದಿನ: ನಮ್ಮೂರ ಸಂಗೀತೋತ್ಸವದಲ್ಲಿ ಕೊಟ್ಟ ದುಡ್ಡಿಗೆ ಏನು ಸಿಕ್ಕಿತು?

ಹೋದ ವರ್ಷ ಹಾಡು ಕೇಳಲು ನಾಲ್ಕು ಕಡೆ ಹೋಗಿದ್ದೆ. ಎರಡು ಇಲ್ಲೇ ದಾವಣಗೆರೆಯಲ್ಲಿ, ಒಂದು ಬೆಂಗಳೂರಲ್ಲಿ, ಒಂದು ಕುಂದಗೋಳದಲ್ಲಿ. ಒಂದರ ಟಿಕೆಟ್ 2,000 ರೂಪಾಯಿ, ಒಂದರದ್ದು 150, ಉಳಿದೆರಡು ಪುಕ್ಕಟೆ. ಈ ವರ್ಷ ನಮ್ಮೂರ ಉತ್ಸವದ ಟಿಕೆಟ್ ಮತ್ತೆ ಮಾರಾಟಕ್ಕೆ ಬಂದಿದೆ. ಪಕ್ಕದ ಮನೆಯವರು, "ನೂರೈವತ್ತು ಕೊಟ್ಟು ಊರವರ ಹಾಡು ಯಾಕೆ ಕೇಳಬೇಕು, ಫೋನಲ್ಲಿ ದೊಡ್ಡ ದೊಡ್ಡವರದ್ದೇ ಸಿಗುತ್ತಲ್ವಾ?" ಅಂದರು. ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಅದಕ್ಕೇ ಕೂತು ಲೆಕ್ಕ ಹಾಕಿ ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಸಂಗೀತ ಕಲಿತವಳಲ್ಲ, ಕೇಳುವವಳು. ಮಗ ಎಂಟನೇ ಕ್ಲಾಸು, ಎರಡು ವರ್ಷದಿಂದ ತಬಲಾ ಕಲಿಯುತ್ತಿದ್ದಾನೆ. ಅವನಿಂದಾಗಿ ನನಗೂ ಒಂಚೂರು ತಾಳ, ಒಂಚೂರು ರಾಗ ಗೊತ್ತಾಗುತ್ತಿದೆ. ಕೆಲಸ ಒಂದು ಬಟ್ಟೆ ಅಂಗಡಿಯಲ್ಲಿ, ಲೆಕ್ಕ ಬರೆಯುವುದು. ಹಾಗಾಗಿ ಎಲ್ಲಿ ಎಷ್ಟು ಖರ್ಚಾಯಿತು ಅನ್ನುವುದು ಡೈರಿಯಲ್ಲಿದೆ.

ಬೆಂಗಳೂರಿನದ್ದು ಸಿನಿಮಾ ಹಾಡುಗಾರರೊಬ್ಬರ ದೊಡ್ಡ ಕಾರ್ಯಕ್ರಮ. ಅಕ್ಕ ಮತ್ತು ನಾನು ಹೋದೆವು. ಬುಕಿಂಗ್ ಚಾರ್ಜ್ ಸೇರಿ ಇಬ್ಬರಿಗೆ 4,400. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದ್ದರಿಂದ 260 ಕಿಲೋಮೀಟರ್ ಹೋಗಿ ಬಂದಿದ್ದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೆ ಅಲ್ಲಿ ಇಳಿದ ಮೇಲೆ ಆಟೋಗೆ 600, ಲಾಡ್ಜಿಗೆ 1,600, ಊಟ ತಿಂಡಿಗೆ 700. ಒಟ್ಟು 7,300. ಕಾರ್ಯಕ್ರಮ ಐವತ್ತು ನಿಮಿಷ ತಡವಾಗಿ ಶುರುವಾಗಿ, ಎರಡು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ಅಂದರೆ ಒಬ್ಬರು ಒಂದು ಗಂಟೆ ಕೇಳಿದ್ದಕ್ಕೆ ಹತ್ತಿರ ಹತ್ತಿರ 1,700 ರೂಪಾಯಿ ಬಿತ್ತು.

ಹಾಡು ಕೆಟ್ಟದಾಗಿರಲಿಲ್ಲ. ಧ್ವನಿ ವ್ಯವಸ್ಥೆಯಂತೂ ತುಂಬಾ ಚೆನ್ನಾಗಿತ್ತು. ಅಷ್ಟು ಹಿಂದೆ ನಿಂತಿದ್ದರೂ ಒಂದೊಂದು ವಾದ್ಯವೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ಅದು ನಮ್ಮೂರಲ್ಲಿ ಸಿಗುವುದಿಲ್ಲ. ಆದರೆ ಹಾಡುಗಾರರನ್ನು ನಾವು ನೋಡಿದ್ದು ಪರದೆಯ ಮೇಲೆ. ವೇದಿಕೆಯ ಮೇಲಿದ್ದವರು ಹೆಬ್ಬೆರಳಷ್ಟು ಕಾಣುತ್ತಿದ್ದರು. ನಮ್ಮ ಮುಂದಿನವರೆಲ್ಲ ಫೋನ್ ಎತ್ತಿ ಹಿಡಿದಿದ್ದರು, ಕೊನೆಗೆ ಪರದೆಯೂ ಅರ್ಧ ಕಾಣಲಿಲ್ಲ. ಮುಗಿದ ಮೇಲೆ ಅಷ್ಟು ಜನರ ಮಧ್ಯೆ ಹೊರಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು, ಆಮೇಲೆ ಹನ್ನೊಂದೂವರೆಗೆ ಗುರುತಿಲ್ಲದ ರಸ್ತೆಯಲ್ಲಿ ಇಬ್ಬರು ಹೆಂಗಸರು ಆಟೋ ಹುಡುಕುತ್ತಾ ನಿಂತಿದ್ದೆವಲ್ಲ, ಆ ಭಯ ಖರ್ಚಿನ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ.

ಗಣೇಶನ ಹಬ್ಬದ ಆರ್ಕೆಸ್ಟ್ರಾ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮನೆಯಿಂದ ಐದು ನಿಮಿಷ, ದುಡ್ಡಿಲ್ಲ, ಮಕ್ಕಳಿಗೆ ಖುಷಿ. ಕೀಬೋರ್ಡ್, ರಿದಂ ಪ್ಯಾಡ್, ಇಬ್ಬರು ಹಾಡುವವರು. ಹತ್ತು ಗಂಟೆಗೆ ಮೈಕ್ ಬಂದ್ ಮಾಡಲೇಬೇಕು, ಹಾಗಾಗಿ ರಾತ್ರಿ ನಿದ್ದೆಗೂ ತೊಂದರೆ ಇಲ್ಲ. ಆದರೆ ಬಾಕ್ಸ್‌ಗಳ ಹೊಡೆತಕ್ಕೆ ಎದೆ ನಡುಗುತ್ತದೆ, ಹಾಡಿನ ಮಾತು ಕಿವಿಗೆ ಬೀಳುವುದಿಲ್ಲ. ಹಬ್ಬದ ಸಡಗರಕ್ಕೆ ಹೋಗಿ, ಹಾಡು ಕೇಳಲು ಅಂತ ಹೋಗಬೇಡಿ.

ಕುಂದಗೋಳ ಇವೆಲ್ಲಕ್ಕಿಂತ ಬೇರೆ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿನಲ್ಲಿ ಅಲ್ಲಿ ನಾಡಗೀರ ವಾಡೆಯಲ್ಲಿ ರಾತ್ರಿ ಪೂರ್ತಿ ಸಂಗೀತ ನಡೆಯುತ್ತದೆ. ಭೀಮಸೇನ ಜೋಶಿ ಸವಾಯಿ ಗಂಧರ್ವರ ಹತ್ತಿರ ಕಲಿತದ್ದು ಅದೇ ಊರಲ್ಲಿ, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದದ್ದು ಅದೇ ಊರಿಗೆ. ದಾವಣಗೆರೆಯಿಂದ ಹುಬ್ಬಳ್ಳಿಗೆ ಹೋಗುವ ರೈಲು ದಾರಿಯಲ್ಲೇ ಕುಂದಗೋಳ ಸ್ಟೇಷನ್ ಬರುತ್ತದೆ. ಹರಿಹರ, ರಾಣೆಬೆನ್ನೂರು, ಹಾವೇರಿ ದಾಟಿ ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿ ಪಕ್ಕ ಕೂತರೆ ದಾರಿ ಸವೆದಿದ್ದೇ ಗೊತ್ತಾಗುವುದಿಲ್ಲ. ಅಕ್ಕ, ಭಾವ, ನಾನು ಮೂವರೂ ಹೋಗಿದ್ದೆವು.

ಅಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಅಂದರೆ ರಾಗದ ಹೊತ್ತು. ಹಿಂದೂಸ್ತಾನಿಯಲ್ಲಿ ಒಂದೊಂದು ರಾಗಕ್ಕೂ ಒಂದು ಹೊತ್ತು ಇದೆ. ಸಂಜೆ ಆರೂವರೆಗೆ ಶುರುವಾಗಿ ಒಂಬತ್ತೂವರೆಗೆ ಮುಗಿಯುವ ಕಛೇರಿಗಳಿಗೇ ಹೋಗುತ್ತಿದ್ದರೆ ಜೀವಮಾನವಿಡೀ ಯಮನ್, ಪೂರಿಯಾ ಧನಾಶ್ರೀ, ಬಾಗೇಶ್ರೀ ಇಷ್ಟೇ ಕೇಳುತ್ತೀರಿ. ರಾತ್ರಿ ಪೂರ್ತಿ ಕೂತರೆ ಮಾಲಕಂಸ್ ಬರುತ್ತದೆ, ದರ್ಬಾರಿ ಬರುತ್ತದೆ, ಇನ್ನೂ ಬೆಳಕು ಹರಿಯುವ ಮೊದಲು ಲಲಿತ್ ಬರುತ್ತದೆ. ಆ ಲಲಿತ್ ಕೇಳುವಾಗ ಕಣ್ಣು ಎಳೆಯುತ್ತಿತ್ತು, ಮೈ ನೋಯುತ್ತಿತ್ತು, ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಫೋನಲ್ಲಿ ಮಧ್ಯಾಹ್ನ ಊಟ ಮಾಡುತ್ತಾ ಅದೇ ರಾಗ ಎಷ್ಟೋ ಸಲ ಹಾಕಿದ್ದೇನೆ, ಒಂದು ಸಲವೂ ಹಾಗಾಗಿಲ್ಲ.

ದುಡ್ಡಿನ ಲೆಕ್ಕದಲ್ಲಿ ಕುಂದಗೋಳವನ್ನು ಯಾವುದೂ ಸೋಲಿಸುವುದಿಲ್ಲ. ಆದರೆ ಮಾರನೇ ದಿನ ರಜೆ ಹಾಕಬೇಕು. ರಾತ್ರಿಯಿಡೀ ನೆಲದ ಮೇಲೆ ಕೂರುವ ಶಕ್ತಿ ಬೇಕು. ಮಗನಿಗೆ ಪರೀಕ್ಷೆ ಇತ್ತು, ಬರಲಿಲ್ಲ. ಅಪ್ಪನಿಗೆ ಮಂಡಿ ನೋವು, ಅವರೂ ಬರಲಿಲ್ಲ. ಮನೆಯಲ್ಲಿ ಯಾರಿಗೆ ಅದು ಜಾಸ್ತಿ ಬೇಕಿತ್ತೋ ಅವರೇ ಉಳಿದುಬಿಟ್ಟರು.

ಈಗ ನಮ್ಮೂರಿನದ್ದು. ಶನಿವಾರ ಸಂಜೆ, ಭಾನುವಾರ ಬೆಳಗ್ಗೆ, ಭಾನುವಾರ ಸಂಜೆ, ಹೀಗೆ ಮೂರು ಹೊತ್ತು. ಎಲ್ಲಕ್ಕೂ ಸೇರಿ ಒಬ್ಬರಿಗೆ 150. ನಾನು ಮತ್ತು ಮಗ ಸೇರಿ 300, ಸ್ಕೂಟಿ ಪೆಟ್ರೋಲಿಗೆ 60, ನಡುವೆ ಮಂಡಕ್ಕಿ ಮಿರ್ಚಿ ಮತ್ತು ಟೀಗೆ 120. ಒಟ್ಟು 480. ಕುರ್ಚಿಯಲ್ಲಿ ಕೂತಿದ್ದು ಹನ್ನೊಂದು ಗಂಟೆ. ಅದರಲ್ಲಿ ಭಾಷಣ, ಸನ್ಮಾನ, ನಿರೂಪಣೆ ಎರಡೂವರೆ ಗಂಟೆ ತಿಂದವು. ಉಳಿದ ಎಂಟೂವರೆ ಗಂಟೆ ಸಂಗೀತ. ತಲೆಗೆ ಗಂಟೆಗೆ 28 ರೂಪಾಯಿ. ಅದೆಲ್ಲ ಒಳ್ಳೆಯ ಸಂಗೀತವೇ ಅಂತ ನಾನು ಹೇಳುವುದಿಲ್ಲ. ನಿಜವಾಗಿ ಮೈಮರೆತು ಕೇಳಿದ್ದು ಮೂರು ಗಂಟೆ ಇರಬಹುದು. ಆ ಮೂರನ್ನೇ ಹಿಡಿದರೂ ಗಂಟೆಗೆ 80 ರೂಪಾಯಿ.

ತೊಂದರೆಗಳನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಹೊಸದಾಗಿ ಹೋಗುವವರು ಮೊದಲ ಅರ್ಧ ಗಂಟೆಯಲ್ಲೇ ಬೇಸರಪಟ್ಟು ಎದ್ದು ಬಂದುಬಿಡುತ್ತಾರೆ. ಐದೂವರೆ ಅಂತ ಅಚ್ಚು ಹಾಕಿಸಿದ್ದು ಶುರುವಾಗಿದ್ದು ಆರು ಇಪ್ಪತ್ತಕ್ಕೆ. ಹೆಂಗಸರ ಶೌಚಾಲಯಕ್ಕೆ ಬೀಗ, ಕೀಲಿ ಇದ್ದವರು ಸಿಗಲು ಒಂದು ಗಂಟೆ. ಮೈಕಂತೂ ಮೊದಲ ದಿನ ಕುಂಯ್ ಅಂತ ಕೂಗುತ್ತಲೇ ಇತ್ತು. ಸ್ಪೀಕರ್ ಬಾಕ್ಸ್‌ಗಳನ್ನು ಹಾಡುವವರ ಹಿಂದೆ ಇಟ್ಟಿದ್ದರು, ಬಾಕ್ಸಿನ ಸದ್ದು ಮತ್ತೆ ಮೈಕಿಗೇ ಹೋಗಿ ತಿರುಗಿ ಬರುತ್ತಿತ್ತು. ಮೈಕ್‌ಸೆಟ್ ಹುಡುಗನಿಗೆ ಮದುವೆ, ಸಭೆಗಳದ್ದೇ ರೂಢಿ. ಮಾತು ಚೆನ್ನಾಗಿ ಕೇಳಲಿ ಅಂತ ಗಂಟಲ ಸದ್ದು ಏರಿಸಿಟ್ಟಿದ್ದ, ತಂಬೂರಿ ಕೇಳುತ್ತಲೇ ಇರಲಿಲ್ಲ. ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಒಬ್ಬ ಹುಡುಗ ಒಳ್ಳೆಯ ಆಲಾಪ ಶುರುಮಾಡಿದ್ದ, ಮೂರು ಸಲ ಮೈಕ್ ಕೂಗಿ ಅವನ ಮುಖ ಬಾಡಿಹೋಯಿತು. ಅದು ನೋಡಿ ಹೊಟ್ಟೆ ಉರಿಯಿತು. ಆ ಒಂದು ಗಂಟೆಗಾಗಿ ಆ ಹುಡುಗ ಎಷ್ಟು ದಿನ ಕೂತು ಅಭ್ಯಾಸ ಮಾಡಿರಬೇಕು! ಮಾರನೇ ದಿನ ಯಾರೋ ತಿಳಿದವರು ಹೇಳಿರಬೇಕು, ಬಾಕ್ಸ್‌ಗಳನ್ನು ಮೈಕಿಗಿಂತ ಮುಂದೆ ತಂದು ಜನರ ಕಡೆ ತಿರುಗಿಸಿಟ್ಟು ಸದ್ದು ತಗ್ಗಿಸಿದ್ದರು. ಅಷ್ಟೇ ಸಾಕಾಯಿತು.

ತಬಲಾದ್ದು ಇನ್ನೊಂದು ಕಥೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಂಡಸರ ಶ್ರುತಿ ಸಾಮಾನ್ಯವಾಗಿ ಕರಿ ಒಂದು, ಬಿಳಿ ಎರಡರ ಸುತ್ತಮುತ್ತ ಇರುತ್ತದೆ, ಹೆಂಗಸರದ್ದು ಇನ್ನೂ ಮೇಲೆ, ಕರಿ ನಾಲ್ಕು, ಕರಿ ಐದರ ಸುತ್ತಮುತ್ತ. ಒಂದೇ ತಬಲಾವನ್ನು ಅಷ್ಟು ದೂರ ಎಳೆಯಲು ಆಗುವುದಿಲ್ಲ, ಬೇರೆ ತಬಲಾನೇ ಬೇಕು. ಶನಿವಾರ ಅದು ಇನ್ನೊಬ್ಬರ ಮನೆಯಿಂದ ಬರುವವರೆಗೆ ಇಪ್ಪತ್ತು ನಿಮಿಷ ಕಾದೆವು. ಮಗನಿಗೆ ಅದೂ ಒಂದು ಪಾಠವಾಯಿತು. ಸುತ್ತಿಗೆಯಲ್ಲಿ ಹೇಗೆ ತಟ್ಟಿ ಶ್ರುತಿ ಕೂಡಿಸುತ್ತಾರೆ ಅಂತ ಹತ್ತಿರ ಹೋಗಿ ನೋಡಿ ಬಂದ.

ಹಾಗೆ ಹತ್ತಿರ ಹೋಗಿ ನೋಡಲು ಬಿಟ್ಟರಲ್ಲ, ನನ್ನ ಲೆಕ್ಕದಲ್ಲಿ 150 ರೂಪಾಯಿ ಅಲ್ಲೇ ವಸೂಲಾಯಿತು. ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಧಾರವಾಡದ ಕಡೆಯ ಗಾಯಕಿಯೊಬ್ಬರು ತೋಡಿ ರಾಗ ಹಾಡಿದರು. ನಾವು ಕೂತಿದ್ದು ಅವರಿಂದ ಹತ್ತು ಹನ್ನೆರಡು ಅಡಿ ದೂರದಲ್ಲಿ. ವಿಲಂಬಿತದಲ್ಲಿ ಏಕತಾಳ, ಹನ್ನೆರಡು ಮಾತ್ರೆ ಅಂದರೆ ಹನ್ನೆರಡು ಎಣಿಕೆ, ಎಷ್ಟು ನಿಧಾನ ಅಂದರೆ ಲೆಕ್ಕ ಇಡುತ್ತಾ ನಾನು ಎರಡು ಸಲ ತಪ್ಪಿದೆ. ಮಗ ತಪ್ಪಲಿಲ್ಲ. ಗಾಯಕಿ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬರುವ ಮೊದಲು ತಬಲಾದವರ ಕಡೆ ಒಂದು ನೋಟ ಬೀರುತ್ತಿದ್ದರು, ತಬಲಾದವರು ತಲೆ ಅಲ್ಲಾಡಿಸುತ್ತಿದ್ದರು, ಇಬ್ಬರೂ ಸರಿಯಾಗಿ ಒಂದೇ ಜಾಗಕ್ಕೆ ಬಂದು ಸೇರಿದಾಗ ಮುಂದಿನ ಸಾಲಿನಲ್ಲಿದ್ದ ಅಜ್ಜ ಒಬ್ಬರು "ಆಹಾ" ಅಂದರು, ಆ "ಆಹಾ" ಗಾಯಕಿಗೂ ಕೇಳಿಸಿ ನಕ್ಕರು. ಬೆಂಗಳೂರಲ್ಲಿ ನಾವು ಎಷ್ಟು ಕೂಗಿದ್ದರೂ ವೇದಿಕೆಯ ಮೇಲಿದ್ದವರಿಗೆ ನಾವಿದ್ದೇವೆ ಅಂತಲೇ ಗೊತ್ತಿರಲಿಲ್ಲ. ಮನೆಗೆ ಬಂದು ಮಗ ಬ್ಯಾಗ್ ಇಡದೆ ತಬಲಾ ಮುಂದೆ ಕೂತ. "ಅಮ್ಮಾ, ಅವರ ತಿರಕಿಟ ನಮ್ಮ ಸರ್ ಹೇಳಿಕೊಟ್ಟ ಥರಾನೇ, ಆದ್ರೆ ಬೆರಳು ಮೇಲೇಳೋದೇ ಇಲ್ಲ" ಅಂದ. ತಿರಕಿಟ ಅಂದರೆ ತಬಲಾದಲ್ಲಿ ಬೇಗ ಬೇಗ ನುಡಿಸುವ ಒಂದು ಬೋಲು.

ಶನಿವಾರ ಸಂಜೆಯ ರಂಗಗೀತೆಗಳಿಗೆ ಅಪ್ಪನೂ ಬಂದಿದ್ದರು. ಬಾಗಿಲಲ್ಲಿದ್ದವರು ಅವರ ಹತ್ತಿರ ದುಡ್ಡು ಕೇಳದೆ, "ಬರ್ರಿ ಯಜಮಾನ್ರೇ, ಮುಂದೆ ಕೂತ್ಕಳ್ರಿ" ಅಂದರು. ನಮ್ಮೂರು ರಂಗನಟಿ ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ಊರು. ಅಪ್ಪ ಹುಡುಗರಾಗಿದ್ದಾಗ ಕಂಪನಿ ನಾಟಕ ನೋಡಲು ರಾತ್ರಿ ನಡೆದು ಬರುತ್ತಿದ್ದವರು. ಕಾಲು ಹಾರ್ಮೋನಿಯಂ ಶುರುವಾದದ್ದೇ ಕುರ್ಚಿಯ ತುದಿಗೆ ಬಂದು ಕೂತರು. ಮೂರನೇ ಹಾಡಿಗೆ ಅವರೂ ಜೊತೆಗೆ ಹಾಡುತ್ತಿದ್ದರು, ಒಂದು ಮಾತೂ ಮರೆತಿರಲಿಲ್ಲ. ಅಪ್ಪನಿಗೆ ಹಾಡಲು ಬರುತ್ತದೆ ಅಂತ ನನಗೆ ಗೊತ್ತಾಗಿದ್ದು ಅವತ್ತು. ಇದಕ್ಕೆ ಗಂಟೆಗೆ ಎಷ್ಟು ಅಂತ ಡೈರಿಯಲ್ಲಿ ಬರೆಯಲಿಲ್ಲ.

ಮಕ್ಕಳ ಸಮೂಹ ಗಾಯನ ನಲವತ್ತು ನಿಮಿಷ. ನಿಮ್ಮ ಮಗು ಅದರಲ್ಲಿಲ್ಲದಿದ್ದರೆ ಆಗ ಹೊರಗೆ ಹೋಗಿ ಟೀ ಕುಡಿಯಿರಿ.

ಇನ್ನು ಭಾಷಣ. ಎಲ್ಲರೂ ಬೈಯುವುದು ಇದನ್ನೇ, ನಾನೂ ಬೈದಿದ್ದೆ. ಭಾನುವಾರ ಕಾರ್ಯಕ್ರಮ ಮುಗಿದ ಮೇಲೆ ಆಯೋಜಕರಲ್ಲಿ ಒಬ್ಬರನ್ನು, ನಿವೃತ್ತ ಮೇಷ್ಟ್ರು, ನೇರವಾಗಿ ಕೇಳಿದೆ. "ಸರ್, ಇಷ್ಟೊಂದು ಸನ್ಮಾನ ಯಾಕೆ?" ಅವರು ಬೇಜಾರು ಮಾಡಿಕೊಳ್ಳದೆ ಲೆಕ್ಕ ಹೇಳಿದರು. ಮಾರಾಟವಾಗಿದ್ದು 250 ಟಿಕೆಟ್, ಅಂದರೆ 37,500 ರೂಪಾಯಿ. "ಹಾಲ್ ಬಾಡಿಗೆ, ಮೈಕ್‌ಸೆಟ್‌ಗೇ ಅದು ಮುಗಿಯುತ್ತೆ ಕಣಮ್ಮ. ಕಲಾವಿದರ ಬಸ್ಸು, ಊಟ, ರೂಮು, ಗೌರವಧನ ಎಲ್ಲ ದಾನಿಗಳ ದುಡ್ಡು. ಅವರಿಗೆ ಒಂದು ಶಾಲು ಹೊದಿಸಿ, ಎರಡು ಮಾತಾಡೋಕೆ ಬಿಡದಿದ್ರೆ ಮುಂದಿನ ವರ್ಷ ಯಾವ ಮುಖ ಇಟ್ಕೊಂಡು ಕೇಳ್ಲಿ?"

ಆಗ ನನಗೆ ಅರ್ಥವಾಯಿತು. ಆ ಭಾಷಣವೂ ಟಿಕೆಟ್ಟಿನ ಒಂದು ಭಾಗ. ನಾವು ದುಡ್ಡಿನಲ್ಲಿ ಕೊಡದ್ದನ್ನು ಹೊತ್ತಿನಲ್ಲಿ ಕೊಡುತ್ತಿದ್ದೇವೆ, 150 ರೂಪಾಯಿ ಜೊತೆಗೆ ಎರಡೂವರೆ ಗಂಟೆ. ಟಿಕೆಟ್ 300 ಮಾಡಿ, ಎಲ್ಲರೂ ಕೊಟ್ಟು ಬಂದರೆ ಅರ್ಧ ಶಾಲು ಕಡಿಮೆಯಾಗಬಹುದು, ಒಳ್ಳೆಯ ಮೈಕಿನವರೂ ಸಿಗಬಹುದು, ಮುಖ್ಯವಾಗಿ ಆ ಹುಡುಗನಿಗೆ, ತೋಡಿ ಹಾಡಿದ ಗಾಯಕಿಗೆ ಸ್ವಲ್ಪ ಜಾಸ್ತಿ ಕೊಡಬಹುದು. ಇದನ್ನು ಅವರಿಗೆ ಹೇಳಿದೆ. "300 ಅಂದ್ರೆ ಸ್ಟೂಡೆಂಟ್ಸ್ ಬರಲ್ಲ" ಅಂದರು. ಹಾಗಾದರೆ ಕಲಿಯುವ ಮಕ್ಕಳಿಗೆ 100, ನಮ್ಮಂಥ ಸಂಬಳದವರಿಗೆ 300 ಮಾಡಿ ಅಂದೆ. ನಗುತ್ತಾ ಬರೆದುಕೊಂಡರು.

ಪಕ್ಕದ ಮನೆಯವರಿಗೆ ಈಗ ನನ್ನ ಉತ್ತರ ಇದು. ಇಷ್ಟದ ಸಿನಿಮಾ ಹಾಡುಗಾರರನ್ನು ಒಂದು ಸಲ ನೋಡಲೇಬೇಕು ಅನ್ನುವ ಆಸೆ ಇದ್ದರೆ ಬೆಂಗಳೂರಿಗೆ ಹೋಗಿ, ಅಲ್ಲಿ ಉಳಿಯಲು ನೆಂಟರ ಮನೆ ಇದ್ದರೆ ಇನ್ನೂ ಒಳ್ಳೆಯದು. ಮೈಯಲ್ಲಿ ಶಕ್ತಿ ಇದ್ದರೆ ಕುಂದಗೋಳಕ್ಕೆ ಹೋಗಿ, ನನ್ನ ಕಿವಿಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಆದರೆ ಮನೆಯಲ್ಲಿ ಕಲಿಯುವ ಮಗು, ಮಂಡಿ ನೋವಿನ ಅಪ್ಪ ಇಬ್ಬರೂ ಇದ್ದು, ಸೋಮವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಕೆಲಸಕ್ಕೂ ಹೋಗಬೇಕು, ರಾತ್ರಿ ಹತ್ತೂವರೆಗೆ ಗುರುತಿನ ರಸ್ತೆಯಲ್ಲಿ ಸ್ಕೂಟಿ ಓಡಿಸಿಕೊಂಡು ನೆಮ್ಮದಿಯಾಗಿ ಮನೆ ಸೇರಬೇಕು ಅಂದರೆ ನೂರೈವತ್ತಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ನನಗೆ ಗೊತ್ತಿಲ್ಲ. ಒಂದೇ ಹೊತ್ತು ಹೋಗಲು ಆಗುವುದಾದರೆ ಭಾನುವಾರ ಬೆಳಗ್ಗೆ ಹೋಗಿ. ಭಾಷಣ ಕಡಿಮೆ, ಜನ ಕಡಿಮೆ, ಬೆಳಗಿನ ರಾಗ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ಮೂರನೇ ಸಾಲಿನ ಮಧ್ಯದಲ್ಲಿ ಕೂರಿ, ಪಕ್ಕದ ಬಾಕ್ಸಿನ ಎದುರು ಬೇಡ. ಪ್ಲಾಸ್ಟಿಕ್ ಕುರ್ಚಿಗೆ ಮನೆಯಿಂದ ಒಂದು ದಿಂಬು ತನ್ನಿ.

ಈ ಸಲ ನಾನು ನಾಲ್ಕು ಟಿಕೆಟ್ ತಗೊಂಡಿದ್ದೇನೆ. ನಾಲ್ಕನೆಯದು ಪಕ್ಕದ ಮನೆಯವರಿಗೆ. ಅಪ್ಪನದ್ದಕ್ಕೂ ಈ ಸಲ ದುಡ್ಡು ಕೊಟ್ಟೇ ತಗೊಂಡೆ.