1910ರ ‘ಇಂಡಿಯನ್ ಹೋಮ್ ರೂಲ್’ ಅಂತ ಯಾರಾದರೂ ತೋರಿಸಿದರೆ, ಮೊದಲು ಟ್ಯೂಬ್‌ಲೈಟಿಗೆ ಹಿಡಿಯಿರಿ

22,000 ರೂಪಾಯಿ ಕೊಟ್ಟು ನಾನು ಒಂದು ಸುಳ್ಳು ಹಾಳೆ ಕೊಂಡುಕೊಂಡೆ. ಪುಸ್ತಕ ಸುಳ್ಳಲ್ಲ, ಅದರ ಒಂದು ಹಾಳೆ ಮಾತ್ರ. ಹಳೇ ಪುಸ್ತಕದ ಹುಚ್ಚು ಇರುವವರು ಇದನ್ನು ಓದಿಕೊಳ್ಳಿ.

ಗಾಂಧೀಜಿಯ ‘ಹಿಂದ್ ಸ್ವರಾಜ್’ ಗೊತ್ತಲ್ಲ. 1909ರ ನವೆಂಬರ್‌ನಲ್ಲಿ ಲಂಡನ್ನಿಂದ ದಕ್ಷಿಣ ಆಫ್ರಿಕಾಕ್ಕೆ ಹಡಗಿನಲ್ಲಿ ಹೋಗುವಾಗ, ಹಡಗಿನದೇ ಕಾಗದದ ಮೇಲೆ, ಹತ್ತು ದಿನದಲ್ಲಿ ಗುಜರಾತಿಯಲ್ಲಿ ಬರೆದದ್ದು. ಬಲಗೈ ನೋವು ಬಂದಾಗ ಎಡಗೈಯಲ್ಲಿ ಬರೆದರಂತೆ. ಬಾಂಬು ಪಿಸ್ತೂಲಿನಿಂದ ಸ್ವರಾಜ್ಯ ತರುತ್ತೇವೆ ಅನ್ನುತ್ತಿದ್ದ ಹುಡುಗರನ್ನು ಅವರು ಲಂಡನ್ನಿನಲ್ಲಿ ಕಂಡಿದ್ದರು. ಅವರಿಗೆ ಉತ್ತರ ಇದು. ಓದುಗ ಕೇಳುತ್ತಾನೆ, ಸಂಪಾದಕ ಹೇಳುತ್ತಾನೆ. 1910ರ ಮಾರ್ಚ್‌ನಲ್ಲಿ ಮುಂಬೈ ಸರ್ಕಾರ ಗುಜರಾತಿ ಪುಸ್ತಕವನ್ನು ನಿಷೇಧಿಸಿತು. ಗಾಂಧೀಜಿ ಸುಮ್ಮನಿರಲಿಲ್ಲ, ಆಗಲೇ ಇಂಗ್ಲಿಷಿಗೆ ತಂದು ದಕ್ಷಿಣ ಆಫ್ರಿಕಾದ ನಟಾಲ್‌ನ ಫೀನಿಕ್ಸ್‌ನಲ್ಲಿ ಅಚ್ಚು ಹಾಕಿಸಿದರು. ಅದೇ ‘ಇಂಡಿಯನ್ ಹೋಮ್ ರೂಲ್’.

ನನಗೆ ಮಾರಿದ್ದು ಅದೇ ಅಂತ. ವಾಟ್ಸಾಪಿನಲ್ಲಿ ಪರಿಚಯವಾದ ಒಬ್ಬ ಹಳೇ ಪುಸ್ತಕದ ವ್ಯಾಪಾರಿ. “ನಮ್ಮ ತಾತನ ಟ್ರಂಕಿನಲ್ಲಿ ಸಿಕ್ಕಿದ್ದು ಸಾರ್. ಗೌರ್ಮೆಂಟು ಬ್ಯಾನ್ ಮಾಡಿದ್ದು ಇದನ್ನೇ. ನಾಳೆ ಬಾಂಬೆ ಪಾರ್ಟಿ ಬರ್ತಾ ಇದ್ದಾರೆ” ಅಂದ. ಆ ಮಾತಿಗೇ ನಾನು ಎಚ್ಚರವಾಗಬೇಕಿತ್ತು. ಮಾರ್ಚ್‌ನಲ್ಲಿ ಮುಂಬೈಯವರು ನಿಷೇಧಿಸಿದ್ದು ಗುಜರಾತಿಯನ್ನು, ಅವನ ಕೈಯಲ್ಲಿದ್ದದ್ದು ಇಂಗ್ಲಿಷ್. ಆದರೆ ಬಾಂಬೆ ಪಾರ್ಟಿ ಅಂದ ತಕ್ಷಣ ನನ್ನ ತಲೆ ಓಡಲಿಲ್ಲ, ಫೋನ್‌ಪೇ ಓಡಿತು. ಬಿಲ್ಲೂ ಕೇಳಲಿಲ್ಲ.

ಮೊದಲ ಪುಟ ಎಷ್ಟು ಚೆನ್ನಾಗಿತ್ತು ಅಂದರೆ! ಫೀನಿಕ್ಸ್, ನಟಾಲ್, 1910. ‘ಯಾವ ಹಕ್ಕನ್ನೂ ಕಾದಿರಿಸಿಲ್ಲ’ ಅನ್ನುವ ಇಂಗ್ಲಿಷ್ ಸಾಲು ಕೂಡ ಇತ್ತು. ಅದು ನಿಜವಾದ ಪುಸ್ತಕದಲ್ಲೂ ಇದೆ. ಬಲ ಮೂಲೆಯಲ್ಲಿ ಹುರುಳಿಕಾಳಿನ ಆಕಾರದ ಒಂದು ಕಂದು ಕಲೆ. ಆ ಕಲೆಯನ್ನು ನೋಡಿಯೇ ನಾನು ಜಾಸ್ತಿ ನಂಬಿದ್ದು.

ಮೂರು ದಿನ ಆದ ಮೇಲೆ ಒಂದು ರಾತ್ರಿ ಆ ಹಾಳೆ ತಿರುವಿದೆ. ದಪ್ಪ ಅನ್ನಿಸಿತು. ಟ್ಯೂಬ್‌ಲೈಟಿಗೆ ಹಿಡಿದರೆ ಒಳಗೆ ತಿರುಗುಮುರುಗಾಗಿ ಅಕ್ಷರಗಳು ಕಂಡವು. ಎರಡು ಹಾಳೆ ಅಂಟಿಸಿದ್ದರು. ಕನ್ನಡಿ ಹಿಡಿದು ಓದಿದೆ: ‘ಯಂಗ್ ಇಂಡಿಯಾ’, ಜನವರಿ, 1921.

ಗೊತ್ತಿದ್ದವರಿಗೆ ಅಷ್ಟೇ ಸಾಕು. 1921ರಲ್ಲಿ ಗಾಂಧೀಜಿ ತಮ್ಮ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಈ ಪುಸ್ತಕದ ಬಗ್ಗೆ ಒಂದು ವಿವರಣೆ ಬರೆದರು. ಒಬ್ಬ ಗೆಳತಿಯ ಮಾತಿಗೆ ಬೆಲೆ ಕೊಟ್ಟು ಒಂದೇ ಒಂದು ಪದ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಬೇರೇನೂ ಬದಲಿಲ್ಲ ಅಂತ. ಬ್ರಿಟಿಷ್ ಪಾರ್ಲಿಮೆಂಟನ್ನು ವೇಶ್ಯೆ ಎಂದಿದ್ದ ಪದ ಅದು. ಆಮೇಲಿನ ಮುದ್ರಣಗಳ ಮುಂದೆ ಈ ವಿವರಣೆ ಬರುತ್ತದೆ. 1910ರ ಪುಸ್ತಕದಲ್ಲಿ 1921 ಹೇಗೆ ಬರುತ್ತೆ? ಅದನ್ನು ಮುಚ್ಚಲಿಕ್ಕೇ ಮೇಲೆ ಹೊಸ ಮುಖ ಅಂಟಿಸಿದ್ದು. ಒಳಗಿನದೆಲ್ಲ ಯಾವುದೋ ಮರುಮುದ್ರಣ, ಇನ್ನೂರೋ ಮುನ್ನೂರೋ ರೂಪಾಯಿಯ ಮಾಲು.

ಈ ಪುಸ್ತಕದಲ್ಲಿ ಮೋಸ ಸುಲಭ. ಹಕ್ಕು ಕಾದಿರಿಸದ ಪುಸ್ತಕ, ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಕಿದ್ದಾರೆ ಕೂಡ. 1919ರಲ್ಲಿ ರೌಲೆಟ್ ಕಾಯ್ದೆಯ ವಿರುದ್ಧ ಸತ್ಯಾಗ್ರಹ ನಡೆದಾಗ ಗಾಂಧೀಜಿಯೇ ಮುಂಬೈ ಬೀದಿಯಲ್ಲಿ ಇದನ್ನು ಮಾರಿದರು. ಬೆಲೆ 4 ಆಣೆ. ಜನ 5, 10 ರೂಪಾಯಿ ಕೊಟ್ಟರು, ಒಬ್ಬರು 50 ಕೊಟ್ಟರಂತೆ. ಆಮೇಲೆ ಸರ್ಕಾರವೇ, ನೀವು ಮಾರಿದ್ದು ಮರುಮುದ್ರಣ, ನಿಷೇಧ ಅದಕ್ಕೆ ಅನ್ವಯಿಸಲ್ಲ ಅಂದಿತು! ಆ 50 ಕೊಟ್ಟವರು ಗೊತ್ತಿದ್ದೇ ಕೊಟ್ಟರು. ನನ್ನದು ಹಾಗಲ್ಲ.

ಕೊಳ್ಳುವ ಮುಂಚೆ ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ ಹಳೆಯ ಪುಟಗಳ ಸ್ಕ್ಯಾನ್ ಬಿಟ್ಟಿಯಾಗಿ ಸಿಗುತ್ತೆ, ಹೋಲಿಸಿ ನೋಡಿ. 1910 ಅಂತ ಹೇಳಿ ‘ಮಹಾತ್ಮ’ ಅಂತ ಅಚ್ಚಾಗಿದ್ದರೆ ಅಲ್ಲೇ ಎದ್ದು ಬನ್ನಿ, ಆಗ ಅವರು ಬರೀ ಎಂ. ಕೆ. ಗಾಂಧಿ. ಹಳೇ ಕಾಲದ ಅಚ್ಚಿನ ಮೊಳೆ ಜೋಡಿಸಿ ಒತ್ತಿದ ಅಕ್ಷರ ಬೆರಳಿಗೆ ಸ್ವಲ್ಪವಾದರೂ ತಾಕುತ್ತದೆ, ಪ್ರಿಂಟರಿನದು ತಾಕುವುದಿಲ್ಲ. ನೋಟು ಪರೀಕ್ಷಿಸುವ ನೇರಳೆ ದೀಪದಡಿ ಹಾಳೆ ನೀಲಿಯಾಗಿ ಹೊಳೆದರೆ ಅದು ಈಚಿನ ಕಾಗದ. ನನ್ನ ಹಾಳೆ ಜಾತ್ರೆ ಲೈಟಿನ ಹಾಗೆ ಹೊಳೆಯಿತು.

ಫೋನ್ ಮಾಡಿದರೆ, “ಹಳೇ ಮಾಲಿಗೆ ಗ್ಯಾರಂಟಿ ಎಲ್ಲಿ ಸಾರ್, ನೀವೇ ನೋಡಿ ತಗೊಂಡಿದ್ದಲ್ವಾ?” ಅಂದ. ಆಮೇಲೆ ಬ್ಲಾಕ್ ಮಾಡಿದ.

ಕೊನೆಗೆ ಭೂತಗನ್ನಡಿ ಇಟ್ಟು ಆ ಕಂದು ಕಲೆಯನ್ನೂ ನೋಡಿದೆ. ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು. ಕಲೆಯನ್ನೂ ಪ್ರಿಂಟ್ ಹೊಡೆದಿದ್ದಾರೆ. ಮೊನ್ನೆ ಗೆಳೆಯನ ಫೋನಿನಲ್ಲಿ ಆ ವ್ಯಾಪಾರಿಯ ಸ್ಟೇಟಸ್ ನೋಡಿದೆ. 1910, ಫೀನಿಕ್ಸ್, “ಒಂದೇ ಪ್ರತಿ ಉಳಿದಿದೆ”. ಬಲ ಮೂಲೆಯಲ್ಲಿ ಅದೇ ಹುರುಳಿಕಾಳು.